ಪಿಕಳಾರವನ್ನೂ ನೇರಳೆ ಮರವನ್ನೂ ಹೋಲಿಸುವ ಬಗೆ

ಹಾಡುಹಕ್ಕಿಯೊಂದನ್ನು ಹಣ್ಣಿನ ಮರದೊಂದಿಗೆ ಹೋಲಿಸಿ ಬರೆಯಲು ಕೂತವರು ಸಾಮಾನ್ಯವಾಗಿ ‘ಇದು ಹಾರುತ್ತದೆ, ಅದು ನಿಂತಲ್ಲೇ ಇರುತ್ತದೆ’ ಎನ್ನುವಲ್ಲಿಗೆ ನಿಲ್ಲುತ್ತಾರೆ. ಅಷ್ಟು ಹೇಳುವುದಕ್ಕೆ ಹೋಲಿಕೆಯೇ ಬೇಕಿಲ್ಲ. ಮೊದಲು ಎರಡಕ್ಕೂ ಸಲ್ಲುವ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಬೇಕು. ‘ತನ್ನ ಸಂತತಿಯನ್ನು ಇದು ಹೇಗೆ ಉಳಿಸಿಕೊಳ್ಳುತ್ತದೆ?’ ಎಂಬುದು ಹೆಚ್ಚು ಫಲ ಕೊಡುವ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಧಾರವಾಡದವರಿಗೆ ಕೋಗಿಲೆ ಮತ್ತು ಮಾವಿನ ಜೋಡಿಯೇ ಮೊದಲು ನೆನಪಾದೀತು. ಆದರೆ ಕಾವ್ಯದಲ್ಲಿ ಎಷ್ಟೇ ಇಂಪಾಗಿ ಹಾಡಿದರೂ ಕೋಗಿಲೆ ಜೀವಶಾಸ್ತ್ರದ ಹಾಡುಹಕ್ಕಿಗಳ ಗುಂಪಿಗೆ ಸೇರುವುದಿಲ್ಲ. ಆದ್ದರಿಂದ ಹಿತ್ತಲಿಗೇ ಬರುವ ಪಿಕಳಾರವನ್ನು, ಅಂದರೆ ಬುಲ್‌ಬುಲ್ ಹಕ್ಕಿಯನ್ನು, ಹಿಡಿಯುವುದು ಲೇಸು. ಗಿಡ್ಡ ಕಪ್ಪು ಜುಟ್ಟು ಮತ್ತು ಬಾಲದ ಬುಡದ ಕೆಳಗೆ ಕೆಂಪು ಇರುವ ಪ್ರಭೇದವೇ ನಮ್ಮದು. ಜುಟ್ಟು ಚೂಪಾಗಿದ್ದು ಕೆನ್ನೆಯ ಮೇಲೂ ಕೆಂಪಿದ್ದರೆ ಅದು ಬೇರೆಯದಾದ ಕೆಮ್ಮೀಸೆ ಪಿಕಳಾರ. ನಮ್ಮ ಹಕ್ಕಿಯ ಶಾಸ್ತ್ರೀಯ ಹೆಸರು ಪಿಕ್ನೊನೋಟಸ್ ಕೇಫರ್. 1766ರಲ್ಲಿ ಹೆಸರಿಟ್ಟ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದನ್ನು ದಕ್ಷಿಣ ಆಫ್ರಿಕದ್ದೆಂದು ತಪ್ಪಾಗಿ ತಿಳಿದಿದ್ದನು. ಆ ತಪ್ಪು ದಕ್ಷಿಣ ಆಫ್ರಿಕವನ್ನು ಸೂಚಿಸುವ ‘ಕೇಫರ್’ ಎಂಬ ಪದದಲ್ಲಿ ಇಂದಿಗೂ ಉಳಿದಿದೆ. ನೇರಳೆಯ ಹೆಸರು ಸಿಜೀಜಿಯಂ ಕುಮಿನಿ.

ಈಗ ಪ್ರಶ್ನೆಗೆ ಬರೋಣ. ಪಿಕಳಾರ ಸಾಮಾನ್ಯವಾಗಿ 2ರಿಂದ 3 ಮೊಟ್ಟೆಗಳನ್ನಿಡುತ್ತದೆ, ಸುಮಾರು 14 ದಿನ ಕಾವು ಕೊಡುತ್ತದೆ, ಮರಿಗಳಿಗೆ ತಾಯಿ ತಂದೆ ಇಬ್ಬರೂ ಗುಟುಕು ತರುತ್ತಾರೆ. ನೇರಳೆಯಾದರೋ ಬೇಸಿಗೆಯಲ್ಲಿ ಗೊಂಚಲು ಗೊಂಚಲಾಗಿ ಹೂ ಬಿಟ್ಟು, ಅವುಗಳಲ್ಲಿ ಬಹಳಷ್ಟನ್ನು ಉದುರಿಸಿ, ಮುಂಗಾರಿನ ಹೊತ್ತಿಗೆ ಹಣ್ಣು ಚೆಲ್ಲುತ್ತದೆ. ಒಣಗಿದರೆ ಮೊಳೆಯುವ ಶಕ್ತಿ ಬೇಗನೆ ಕಳೆದುಕೊಳ್ಳುವ ಬೀಜಕ್ಕೆ ಹಸಿ ನೆಲವೇ ಆಸರೆ. ಒಂದರಲ್ಲಿ ಆರೈಕೆ, ಇನ್ನೊಂದರಲ್ಲಿ ಸಂಖ್ಯೆ ಮತ್ತು ಸಮಯ: ಈ ವ್ಯತ್ಯಾಸವನ್ನೇ ವಿಸ್ತರಿಸಿ ಬರೆಯಿರಿ.

ಇವೆರಡೂ ಸಂಧಿಸುವ ಕಡೆ ಮಾತ್ರ ಎಚ್ಚರವಿರಲಿ. ಹಣ್ಣು ತಿನ್ನುವ ಹಕ್ಕಿಯೆಲ್ಲ ಬೀಜ ಹರಡುತ್ತದೆಂದು ಬರೆದುಬಿಡುವುದು ಸುಲಭ. ಲಂಟಾನದಂತಹ ಸಣ್ಣ ಹಣ್ಣುಗಳನ್ನು ಪಿಕಳಾರ ಇಡಿಯಾಗಿ ನುಂಗಿ ಬೀಜವನ್ನು ದೂರ ಒಯ್ಯುವುದು ನಿಜ. ಆದರೆ ದಪ್ಪ ನೇರಳೆ ಅದರ ಬಾಯೊಳಗೆ ಇಡಿಯಾಗಿ ತೂರುವುದಿಲ್ಲ, ತಿರುಳನ್ನಷ್ಟೇ ಕುಕ್ಕುತ್ತದೆ. ಆದ್ದರಿಂದ ಜೂನ್ ತಿಂಗಳ ಬೆಳಗಿನಲ್ಲಿ ಒಂದು ತಾಸು ಮರದ ಸಮೀಪ ಕೂತು, ನುಂಗಿದ್ದೆಷ್ಟು, ಕುಕ್ಕಿ ಬೀಳಿಸಿದ್ದೆಷ್ಟು ಎಂದು ಬೇರೆ ಬೇರೆ ಗುರುತು ಹಾಕಿಕೊಳ್ಳಿ.

ಕೆಲವು ವಾರಗಳ ನಂತರ ಅದೇ ಮರದಡಿ ಸಸಿಗಳನ್ನು ಎಣಿಸಿ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಎದ್ದಿದ್ದರೆ ಎಣಿಕೆ ತಪ್ಪಿತೆಂದು ಅಳಿಸಬೇಡಿ. ನೇರಳೆ ಬೀಜದಲ್ಲಿ ಒಂದಕ್ಕಿಂತ ಹೆಚ್ಚು ಭ್ರೂಣಗಳಿರುವುದು ಸಾಮಾನ್ಯ.