ಹಳೆಯ ಮರದ ಮೋಟರ್ ದೋಣಿಗೆ ಸರಿಹೊಂದುವ ಪ್ರೊಪೆಲರ್

ಅಮೆರಿಕದ ಮಿಷಿಗನ್ ರಾಜ್ಯದ ಅಲ್ಗೊನಾಕ್‌ನಲ್ಲಿ ಕ್ರಿಸ್-ಕ್ರಾಫ್ಟ್ ಕಂಪನಿ ಕಟ್ಟುತ್ತಿದ್ದ ಮಹಾಗನಿ ದೋಣಿಗಳನ್ನು ದುರಸ್ತಿಗೆ ಎತ್ತಿಕೊಂಡವರು ಹಲಗೆ, ವಾರ್ನಿಷ್‌ಗಳಿಗೆ ತಿಂಗಳುಗಟ್ಟಲೆ ವ್ಯಯಿಸಿ, ನಮ್ಮ ಕರಾವಳಿಯ ಮೀನುಗಾರರು ಫ್ಯಾನ್ ಎನ್ನುವ ಪ್ರೊಪೆಲರನ್ನು ಮಾತ್ರ ಇದ್ದಂತೆಯೇ ಉಜ್ಜಿ ಹೊಳಪಿಸಿ ಮತ್ತೆ ಸಿಕ್ಕಿಸುವುದುಂಟು. ಅದು ಮೂಲದ್ದೇ ಆಗಿದ್ದರೂ ಈಗಿನ ಎಂಜಿನ್ನಿಗೆ ಒಪ್ಪುತ್ತದೆಂಬ ಖಾತ್ರಿಯಿಲ್ಲ.

ಆದ್ದರಿಂದ ಮೊದಲು ಗುರುತಿಸಬೇಕಾದದ್ದು ಎಂಜಿನ್ನನ್ನು. ಕ್ರಿಸ್-ಕ್ರಾಫ್ಟ್‌ನ ಆರು ಸಿಲಿಂಡರಿನ ‘ಕೆ’ ಎಂಜಿನ್ ನಿಮಿಷಕ್ಕೆ 3200 ಸುತ್ತಿನಲ್ಲಿ 95 ಅಶ್ವಶಕ್ತಿ ಕೊಡುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ, ಎಂದಿನಷ್ಟು ಜನರನ್ನು ಹೊತ್ತೂ, ಎಂಜಿನ್ ಆ ಸುತ್ತನ್ನು ಮುಟ್ಟುವಂತೆ ಮಾಡುವುದೇ ಸರಿಯಾದ ಪ್ರೊಪೆಲರ್. ನಡುವೆ ಯಾರಾದರೂ ಬೇರೆ ಎಂಜಿನ್ ಕೂರಿಸಿದ್ದರೆ ಕ್ಯಾಟಲಾಗಿನ ಹಳೆಯ ಅಳತೆ ಕೆಲಸಕ್ಕೆ ಬಾರದು. ದೋಣಿ ಯಾವ ಎಂಜಿನ್ನಿನೊಂದಿಗೆ ಕಾರ್ಖಾನೆ ಬಿಟ್ಟಿತೆಂದು ತಿಳಿಯಬಯಸುವವರು ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮ್ಯಾರಿನರ್ಸ್ ಮ್ಯೂಸಿಯಮ್ಮಿನ ಕ್ರಿಸ್-ಕ್ರಾಫ್ಟ್ ಸಂಗ್ರಹಕ್ಕೆ ದೋಣಿಯ ಹಲ್ ಸಂಖ್ಯೆ (ದೋಣಿಯ ಒಡಲಿಗೆ ಕಾರ್ಖಾನೆ ಕೊಟ್ಟ ಸಂಖ್ಯೆ) ಕೊಟ್ಟು ವಿಚಾರಿಸಬಹುದು.

ಪ್ರೊಪೆಲರಿನ ಎಲೆಗಳು (ರೆಕ್ಕೆಗಳು) ಕೂಡುವ ನಡುಭಾಗವಾದ ಹಬ್ ಮೇಲೆ ಮಿಷಿಗನ್ ವ್ಹೀಲ್, ಫೆಡರಲ್, ಕೊಲಂಬಿಯನ್ ಮೊದಲಾದ ತಯಾರಕರ ಹೆಸರಿನ ಜೊತೆಗೆ 13 × 12 ಎಂಬಂಥ ಗುರುತು ಇರುತ್ತದೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಅಂದರೆ ಗಟ್ಟಿ ವಸ್ತುವಿನೊಳಗೆ ಸ್ಕ್ರೂ ತಿರುಗಿದಂತೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ಇಂಚುಗಳು. ‘ಆರ್‌ಎಚ್’ ಎಂದಿದ್ದರೆ, ಹಿಂದಿನಿಂದ ನೋಡಿದಾಗ ಅದು ಗಡಿಯಾರದ ಮುಳ್ಳಿನಂತೆ ತಿರುಗಿ ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ‘ಎಲ್‌ಎಚ್’ ಇದಕ್ಕೆ ವಿರುದ್ಧ. ಕೊಳ್ಳುವ ಮುನ್ನ ಪ್ರೊಪೆಲರನ್ನು ತಿರುಗಿಸುವ ದಂಡ, ಅಂದರೆ ನಿಮ್ಮ ಶಾಫ್ಟ್, ಯಾವ ಕಡೆ ತಿರುಗುತ್ತದೆಂದು ಕಣ್ಣಾರೆ ನೋಡಿರಿ.

ಆದರೆ ಆ ಸಂಖ್ಯೆಯನ್ನು ನಂಬುವಂತಿಲ್ಲ, ಏಕೆಂದರೆ ಹಲವು ದಶಕಗಳಲ್ಲಿ ಕಲ್ಲಿಗೆ ಬಡಿದು, ಬಾಗಿ, ಮತ್ತೆ ತಟ್ಟಿಸಿಕೊಂಡ ಎಲೆಗಳ ಪಿಚ್ ಬದಲಾಗಿರುತ್ತದೆ. ಮನೆಯಲ್ಲೇ ಅಳೆಯುವುದು ಕಷ್ಟವಲ್ಲ. ಪ್ರೊಪೆಲರಿನ ಹಿಂಬದಿ ಮೇಲೆ ಬರುವಂತೆ ಸಮತಟ್ಟಾದ ಮೇಜಿನ ಮೇಲಿಟ್ಟು, ನಡುವಿನಿಂದ ತ್ರಿಜ್ಯದ ಹತ್ತರಲ್ಲಿ ಏಳು ಪಾಲು ದೂರದಲ್ಲಿ ಎಲೆಯ ಮೇಲೆ ವೃತ್ತದ ಗೆರೆ ಎಳೆದು, ಅದರಲ್ಲಿ 30 ಡಿಗ್ರಿ ಅಂತರದ ಎರಡು ಗುರುತು ಹಾಕಿರಿ. ಮೇಜಿನಿಂದ ಆ ಎರಡರ ಎತ್ತರಗಳಿಗಿರುವ ವ್ಯತ್ಯಾಸವನ್ನು 12ರಿಂದ ಗುಣಿಸಿದರೆ ಪಿಚ್ ಸಿಗುತ್ತದೆ: ಒಂದು ಇಂಚು ವ್ಯತ್ಯಾಸವಿದ್ದರೆ 12 ಇಂಚು ಪಿಚ್. ಮೂರು ಎಲೆಗಳ ಉತ್ತರ ಮೂರು ಬಗೆಯಾಗಿ ಬಂದರೆ ದೋಣಿ ನಡುಗುತ್ತಿದ್ದುದಕ್ಕೆ ಕಾರಣ ಸಿಕ್ಕಂತೆಯೇ.

ದುರಸ್ತಿಗೆ ಕೊಡುವ ಮುನ್ನ ಲೋಹ ಗಟ್ಟಿಯಿದೆಯೇ ಎಂದು ನೋಡಬೇಕು. ಮ್ಯಾಂಗನೀಸ್ ಕಂಚು ಎಂದು ಕರೆಸಿಕೊಳ್ಳುವುದು ವಾಸ್ತವವಾಗಿ ಸತು ಹೆಚ್ಚಿರುವ ಹಿತ್ತಾಳೆ. ಉಪ್ಪುನೀರಿನಲ್ಲಿ ಸತು ಕರಗಿ, ಜೊಳ್ಳಾದ ತಾಮ್ರ ಗುಲಾಬಿ ಬಣ್ಣದಲ್ಲಿ ಉಳಿಯುತ್ತದೆ. ಸಂತೆಯಲ್ಲಿ ಮಡಕೆಯನ್ನು ತಟ್ಟಿ ಕೊಳ್ಳುವಂತೆ ಪ್ರೊಪೆಲರನ್ನು ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ, ಒಳ್ಳೆಯ ಲೋಹ ಗಂಟೆಯಂತೆ ನಾದ ಕೊಡುತ್ತದೆ. ಸದ್ದು ಮಂಕಾಗಿದ್ದರೆ ಅದಕ್ಕೆ ಹಣ ಸುರಿಯದೆ ಗೋಡೆಗೆ ಅಲಂಕಾರವಾಗಿಸುವುದು ಮೇಲು. ಲೋಹ ಗಟ್ಟಿಯಿದ್ದರೆ, ಅನುಭವಿ ವರ್ಕ್‌ಶಾಪಿನಲ್ಲಿ ಬಿರುಕು ಪರೀಕ್ಷಿಸಿ, ಎಲೆಗಳನ್ನು ಕಾಯಿಸಿ ಪಿಚ್ ಅಚ್ಚಿನ ಮೇಲೆ ತಿದ್ದಿಸಿ, ಸಮತೋಲ ಮಾಡಿಸಬೇಕು. ಮನೆಯಲ್ಲಿ ತಣ್ಣಗೇ ಬಡಿಯುವ ಸಾಹಸ ಬೇಡ.

ಶಾಫ್ಟಿನ ತುದಿಯ ಟೇಪರ್, ಅಂದರೆ ಪ್ರೊಪೆಲರ್ ಕೂರುವ ಚೂಪಾದ ಭಾಗ, ಸಾಮಾನ್ಯವಾಗಿ 16 ಇಂಚು ಉದ್ದಕ್ಕೆ 1 ಇಂಚು ವ್ಯಾಸದಂತೆ ಕಿರಿದಾಗುತ್ತದೆ. ಅದಕ್ಕೆ ನೀಲಿ ಬಣ್ಣ ತೆಳ್ಳಗೆ ಸವರಿ ಪ್ರೊಪೆಲರನ್ನು ಒತ್ತಿ ತೆಗೆದರೆ ಒಳಗೆ ಎಲ್ಲೆಲ್ಲಿ ತಾಗಿದೆಯೆಂದು ತಿಳಿಯುತ್ತದೆ. ಅಲ್ಲಲ್ಲಿ ಮಾತ್ರ ತಾಗಿದ್ದರೆ ಲ್ಯಾಪಿಂಗ್ ಪೇಸ್ಟ್ (ಲೋಹವನ್ನು ನವಿರಾಗಿ ಉಜ್ಜುವ ಲೇಪ) ಹಚ್ಚಿ ತಿರುಗಿಸುತ್ತ ಕೂಡಿಸಬೇಕು. ಪ್ರೊಪೆಲರ್ ಎಲ್ಲಿಯವರೆಗೆ ಕೂತಿತೆಂದು ಕೀ (ಶಾಫ್ಟಿನ ಮೇಲೆ ಹಬ್ ಜಾರಿ ತಿರುಗದಂತೆ ಎರಡರ ನಡುವೆ ಸಿಕ್ಕಿಸುವ ಲೋಹದ ತುಂಡು) ಇಲ್ಲದೆ ಮೊದಲು ಗುರುತು ಮಾಡಿ, ಕೀ ಹಾಕಿದ ಮೇಲೂ ಅಲ್ಲಿಗೇ ಬರುತ್ತದೆಯೇ ಎಂದು ನೋಡಿರಿ. ಬಾರದಿದ್ದರೆ ಹಬ್ ಕೀ ಮೇಲೆ ಏರಿ ನಿಂತಿದೆ ಎಂದರ್ಥ. ಎರಡು ನಟ್‌ಗಳಲ್ಲಿ ತೆಳುವಾದದ್ದು ಮೊದಲು, ದಪ್ಪನೆಯದು ಆಮೇಲೆ, ಕೊನೆಗೆ ಅವು ಕಳಚದಂತೆ ತಡೆಯುವ ಕಾಟರ್ ಪಿನ್.

ಪರೀಕ್ಷೆಗೆ ಆತುರ ಬೇಡ. ನೀರಿಗಿಳಿದ ಮರ ಕೆಲವು ದಿನ ಉಬ್ಬುತ್ತದೆ, ಅದರೊಂದಿಗೆ ಶಾಫ್ಟಿನ ನೇರವೂ ಬದಲಾಗುತ್ತದೆ. ಆದ್ದರಿಂದ ಎಂಜಿನ್ನನ್ನೂ ಶಾಫ್ಟನ್ನೂ ಜೋಡಿಸುವ ಕಪ್ಲಿಂಗನ್ನು ಮತ್ತೊಮ್ಮೆ ಹೊಂದಿಸಿದ ಮೇಲೆಯೇ ಓಡಿಸಿ ನೋಡಬೇಕು. ಎಂಜಿನ್ 3200ರ ಬದಲು 3000 ಸುತ್ತಿಗಿಂತ ಮೇಲೇರದಿದ್ದರೆ, ಒಂದು ಇಂಚು ಪಿಚ್ ತಗ್ಗಿಸಿದಾಗ ಸುಮಾರು 150ರಿಂದ 200 ಸುತ್ತು ಏರುತ್ತದೆ. ಹಾಗೆ ತಗ್ಗಿಸಿದಾಗ ಹಬ್ ಮೇಲಿನ ಹಳೆಯ ಸಂಖ್ಯೆಯನ್ನು ಅಳಿಸಿ ಹೊಸದನ್ನು ಅಚ್ಚೊತ್ತಿಸಿರಿ.