ಸುಣ್ಣದ ಗೆರೆಯೊಳಗೆ 300 ಚದರಡಿ

ಮುಂಬಯಿ ಲಾಲ್‌ಬಾಗಿನ ನಮ್ಮ ಚಾಳು, ಸಾಲು ಖೋಲಿಗಳ ಬಾಡಿಗೆ ಕಟ್ಟಡ, 1940ಕ್ಕಿಂತ ಹಳೆಯದು. ದುರಸ್ತಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ, ಎಲ್ಲಕ್ಕಿಂತ ಹಳೆಯ ‘ಎ’ ವರ್ಗದ್ದು. ಅಪಾಯವೆಂದು ಖಾಲಿ ಮಾಡಿಸಿದ ಮೇಲೆ ಕೆಲವರು ಸಾಯನ್ನಿನ ಟ್ರಾನ್ಸಿಟ್ ಕ್ಯಾಂಪಿನ ತಾತ್ಕಾಲಿಕ ಮನೆಗಳಿಗೆ, ಹೆಚ್ಚಿನವರು ದೂರದ ಡೊಂಬಿವಲಿ ಕಡೆ ಬಾಡಿಗೆಗೆ ಹೋದರು. ಎರಡು ಸಂಸಾರ ಕುಂದಾಪುರಕ್ಕೇ ವಾಪಸ್. ಮರುನಿರ್ಮಾಣದ ಮಾತು ಬಂದಾಗ, ಅಲ್ಲೇ ಹುಟ್ಟಿ ಆರ್ಕಿಟೆಕ್ಟ್ ಆದವನೆಂದು ಕಮಿಟಿಯವರು ನನ್ನನ್ನು ಹಿಡಿದರು.

ಕಾನೂನಿಗೆ ಶೇಕಡಾ 51 ಬಾಡಿಗೆದಾರರ ಒಪ್ಪಿಗೆ ಸಾಕು. ಬಿಲ್ಡರ್ ಕಡೆಯವರು ಅದನ್ನು ಆಗಲೇ ಗಿಟ್ಟಿಸಿದ್ದರು. ಸಹಿ ಹಾಕಿದವರೆಲ್ಲ ನಕ್ಷೆ ನೋಡಿದ್ದರು. ಅರ್ಥವಾದವರು ಒಬ್ಬರೂ ಇಲ್ಲ.

ಮೊದಲ ಸಭೆ ಭಾನುವಾರ ಇಟ್ಟದ್ದು ನನ್ನ ತಪ್ಪು. ಮೆಗಾಬ್ಲಾಕ್, ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವ ದಿನ! ಡೊಂಬಿವಲಿಯವರು ಮುಟ್ಟುವಾಗ ಚಹಾ ಕೂಡ ಮುಗಿದಿತ್ತು. ಮುಂದಿನ ಸಲ ನಾನೇ ಅಲ್ಲಿಗೆ ಹೋದೆ. ನಕ್ಷೆ ಬಿಚ್ಚಲಿಲ್ಲ. ಅಂಗಳದಲ್ಲಿ ಟೇಪು ಹಿಡಿದು 15ಕ್ಕೆ 20 ಅಡಿ ಸುಣ್ಣದ ಗೆರೆ ಎಳೆದೆ. ನಮಗೆ ಸಿಗಬೇಕಾದ ಕನಿಷ್ಠ 300 ಚದರಡಿ. ಅಡುಗೆಕಟ್ಟೆ, ಬಚ್ಚಲು, ಕಕ್ಕಸು ಗುರುತು ಹಾಕಿ, “ಬನ್ನಿ, ಒಕ್ಕಲಾಗುವ” ಅಂದೆ.

ಆಗ ಬಾಯಿ ಬಿಟ್ಟರು. ಕಪಾಟು ಎಲ್ಲಿ? ನೀರಿನ ಡ್ರಮ್ ಎಲ್ಲಿ? ನಲ್ಲಿ ಬರುವ ಹೊತ್ತಿಗೆ ಏಳುತ್ತಿದ್ದವರು ತಾರಸಿಯ ಟ್ಯಾಂಕನ್ನು ನಂಬುವುದಿಲ್ಲ. ಖೋಲಿಯ ಮೂಲೆಯ ಮೋರಿಯಲ್ಲಿ, ಅಂದರೆ ತೊಳೆಯುವ ಕಟ್ಟೆಯಲ್ಲಿ, ಕೂತು ಪಾತ್ರೆ ತಿಕ್ಕಿದವರಿಗೆ ಸಿಂಕ್ ಒಂದೇ ಸಾಲದು. ಆಚೆ ಖೋಲಿಯ ಅಕ್ಕ ಬಾಗಿಲಿನ ಗೆರೆಯ ಮೇಲೆ ನಿಂತು ಕೇಳಿದರು: “ಇಲ್ಲಿಂದ ಯಾರ ಮುಖ ಕಾಣ್ತದೆ ಮಾರಾಯ?”

ಗೋಡೆ. ಖೋಲಿಗಳ ಮುಂದಿನ ಉದ್ದ ಜಗಲಿಯಂಥ ಗ್ಯಾಲರಿಯಲ್ಲಿ ನಲವತ್ತು ವರ್ಷ ಅಕ್ಕಿ ಆರಿಸಿದವರಿಗೆ ಹಾಗೆ ಹೇಳಲು ನಾಚಿಕೆಯಾಯಿತು. ಬಾಗಿಲುಗಳನ್ನು ಎದುರುಬದುರು ಮಾಡಿದೆ, ಪ್ಯಾಸೇಜಿನ ಎರಡೂ ತುದಿಯನ್ನು ಗಾಳಿಬೆಳಕಿಗೆ ತೆರೆದೆ. ಗ್ಯಾಲರಿ ಮಾತ್ರ ಉಳಿಯಲಿಲ್ಲ.

ಕಮಿಟಿಯ ಚಿಂತೆ ಬೇರೆ: ಲಿಫ್ಟು, ಪಂಪು, ವಾಚ್‌ಮನ್. ಮೊದಲೇ ಪಗಡಿಯೆಂದು ಇಡುಗಂಟು ಕೊಟ್ಟು ಹಿಡಿದ ಖೋಲಿಗೆ ಪುಡಿಗಾಸು ಬಾಡಿಗೆ ಕೊಟ್ಟವರು ಹೊಸ ಕಟ್ಟಡದ ಮೇಂಟೆನೆನ್ಸ್ ಕಟ್ಟಲಾರದೆ ಮನೆ ಮಾರಿ ಹೋದದ್ದನ್ನು ಪಕ್ಕದ ಗಲ್ಲಿಯಲ್ಲೇ ನೋಡಿದ್ದೆವು. ಬಡ್ಡಿಯಿಂದಲೇ ಆ ಖರ್ಚು ತೂಗುವಷ್ಟು ಕಾರ್ಪಸ್, ಅಂದರೆ ಠೇವಣಿ ನಿಧಿ, ಬಿಲ್ಡರ್ ಕೊಡಬೇಕೆಂದು ನಾಲ್ಕು ತಿಂಗಳು ಹಗ್ಗಜಗ್ಗಾಟ. ಮುಕ್ಕಾಲು ಪಾಲು ಗೆದ್ದೆವು. ಒಪ್ಪಿದ್ದನ್ನೆಲ್ಲ, ಡ್ರಮ್ಮಿನ ಜಾಗವನ್ನೂ ಸೇರಿಸಿ, ಪ್ರತಿ ಮನೆಯ ನೋಂದಾಯಿತ ಕರಾರಿಗೆ ನಕ್ಷೆ ಸಮೇತ ಲಗತ್ತಿಸಿದೆವು. ಬಾಯಿಮಾತಿಗೆ ಬಿಲ್ಡರ್ ಆಫೀಸಿನಲ್ಲಿ ಕಟಿಂಗ್ ಚಹಾದಷ್ಟೂ ಬೆಲೆಯಿಲ್ಲ.

ಈಗ ಏಳನೇ ಮಹಡಿಯ ಸ್ಲ್ಯಾಬ್ ಹಾಕಿಯಾಗಿದೆ. ಅಕ್ಕ ಫೋನು ಮಾಡಿದಾಗೆಲ್ಲ ಕೇಳುವುದು ಸ್ಲ್ಯಾಬಿನ ಸುದ್ದಿಯಲ್ಲ, ಎದುರು ಬಾಗಿಲಿಗೆ ಯಾರು ಬರ್ತಾರೆ ಅಂತ. ಯಾವ ಮನೆ ಯಾರಿಗೆಂದು ಚೀಟಿ ಎತ್ತುವುದು ಇನ್ನೂ ಬಾಕಿಯಿದೆ.