ಕಾರ್ಖಾನೆ ನೀರಿಗೆ ಜೋಡಿ ಚಿಕಿತ್ಸೆ: ರಾಸಾಯನಿಕ ಒಡೆಯಲಿ, ಬ್ಯಾಕ್ಟೀರಿಯಾ ತಿನ್ನಲಿ

ಬಣ್ಣ, ಔಷಧಿ, ಕೀಟನಾಶಕ ತಯಾರಿಸುವ ಕಾರ್ಖಾನೆಗಳ ಕೊಳೆ ನೀರನ್ನು ನೇರವಾಗಿ ಏರೇಶನ್ ಟ್ಯಾಂಕಿಗೆ (ಗಾಳಿ ಹಾಯಿಸಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ತೊಟ್ಟಿ) ಬಿಟ್ಟರೆ ಬ್ಯಾಕ್ಟೀರಿಯಾ ಎಷ್ಟೋ ಸಲ ಅದನ್ನು ಮುಟ್ಟುವುದೇ ಇಲ್ಲ, ಕೆಲವೊಮ್ಮೆ ಸತ್ತೇ ಹೋಗುತ್ತವೆ. ಹಾಗಂತ ಎಲ್ಲವನ್ನೂ ರಾಸಾಯನಿಕದಿಂದಲೇ ಮುಗಿಸಲು ಹೋದರೆ ಖರ್ಚು ತಡೆಯಲಾಗದು. ಅದಕ್ಕೇ ಎರಡನ್ನೂ ಜೋಡಿಸಬೇಕು.

ಮೊದಲು ನೀರಿನ ಬಿಒಡಿ, ಸಿಒಡಿ ಪರೀಕ್ಷೆ ಮಾಡಿಸಿ. ಸಿಒಡಿ ಅಂದರೆ ಕೊಳೆಯನ್ನು ರಾಸಾಯನಿಕವಾಗಿ ಉರಿಸಲು ಬೇಕಾಗುವ ಆಮ್ಲಜನಕ, ಬಿಒಡಿ ಅಂದರೆ ಬ್ಯಾಕ್ಟೀರಿಯಾ 5 ದಿನದಲ್ಲಿ ಬಳಸುವ ಆಮ್ಲಜನಕ. ಬಿಒಡಿಯನ್ನು ಸಿಒಡಿಯಿಂದ ಭಾಗಿಸಿ. ಉತ್ತರ 0.4ಕ್ಕಿಂತ ಜಾಸ್ತಿ ಬಂದರೆ ನೀರನ್ನು ಮೊದಲು ಬ್ಯಾಕ್ಟೀರಿಯಾಗೇ ಕೊಡಿ, ಅವು ತಿನ್ನದೆ ಬಿಟ್ಟಿದ್ದಕ್ಕಷ್ಟೇ ರಾಸಾಯನಿಕ ಸಾಕು. 0.2ಕ್ಕಿಂತ ಕಡಿಮೆ ಇದ್ದರೆ ರಾಸಾಯನಿಕವೇ ಮೊದಲು. ಇಲ್ಲಿ ಹೇಳುವುದು ಅಂಥ ನೀರಿನ ಕಥೆ.

ಹೆಚ್ಚಾಗಿ ಬಳಸುವುದು ಫೆಂಟನ್ ವಿಧಾನ. ಇದರ ಹಿಂದಿನ ರಾಸಾಯನಿಕ ಕ್ರಿಯೆ 1894ರಷ್ಟು ಹಳೆಯದು, ಈಗಲೂ ಚೆನ್ನಾಗಿ ಕೆಲಸ ಮಾಡುತ್ತದೆ. ಆಸಿಡ್ ಹಾಕಿ ನೀರಿನ ಪಿಎಚ್ ಅನ್ನು 3ರ ಹತ್ತಿರ ತನ್ನಿ. ಫೆರಸ್ ಸಲ್ಫೇಟ್ (ಕಬ್ಬಿಣದ ಲವಣ) ಕರಗಿಸಿ. ಆಮೇಲೆ ಕಲಕುತ್ತಾ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಸ್ವಲ್ಪ ಸ್ವಲ್ಪವೇ ಬಿಡಿ, ಒಂದೇ ಸಲಕ್ಕೆ ಸುರಿದರೆ ನೀರು ಬಿಸಿಯಾಗಿ ನೊರೆ ಉಕ್ಕುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಹತ್ತಿರ ಹೋಗಲೇಬೇಡಿ. ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಬೇಡಿ. ಕಬ್ಬಿಣ ಮತ್ತು ಪೆರಾಕ್ಸೈಡ್ ಸೇರಿದಾಗ ಹುಟ್ಟುವ, ಸಿಕ್ಕಿದ್ದರ ಜೊತೆ ತಕ್ಷಣ ವರ್ತಿಸುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ದೊಡ್ಡ ಅಣುಗಳನ್ನು ತುಂಡರಿಸುತ್ತದೆ.

ಎಷ್ಟು ಹಾಕಬೇಕು? ಎಲ್ಲರೂ ಎಡವುವುದು ಇಲ್ಲೇ. ಲೆಕ್ಕದ ಪ್ರಕಾರ 1 ಗ್ರಾಂ ಸಿಒಡಿ ಪೂರ್ತಿ ಉರಿಯಲು ಸುಮಾರು 2.1 ಗ್ರಾಂ ಪೆರಾಕ್ಸೈಡ್ ಬೇಕು. ಆದರೆ ನಮಗೆ ಪೂರ್ತಿ ಉರಿಸುವುದು ಬೇಕಾಗಿಯೇ ಇಲ್ಲ, ಅಲ್ವಾ? ಐದಾರು ಜಾರ್‌ಗಳಲ್ಲಿ ಅದೇ ನೀರು ತೆಗೆದುಕೊಂಡು, ಒಂದೊಂದಕ್ಕೆ ಒಂದೊಂದು ಪ್ರಮಾಣ ಹಾಕಿ, ಬಿಒಡಿ-ಸಿಒಡಿ ಅನುಪಾತ ಎಲ್ಲಿ 0.4 ದಾಟುತ್ತದೆ ನೋಡಿ, ಅದರಲ್ಲೇ ಅತಿ ಕಡಿಮೆ ಪ್ರಮಾಣವನ್ನು ಆರಿಸಿ. ಜಾಸ್ತಿ ಹಾಕಿದರೆ ಒಳ್ಳೆಯದು ಎಂದುಕೊಳ್ಳಬೇಡಿ. ಹೆಚ್ಚಾದ ಪೆರಾಕ್ಸೈಡ್ ಆ ರ‍್ಯಾಡಿಕಲ್‌ಗಳನ್ನೇ ನುಂಗಿಬಿಡುತ್ತದೆ.

ನಂತರ ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಪಿಎಚ್ 7ರಿಂದ 8ಕ್ಕೆ ಏರಿಸಿ. ಕಬ್ಬಿಣ ಕಂದು ಕೆಸರಾಗಿ ತಳಕ್ಕಿಳಿಯುತ್ತದೆ, ಅದನ್ನು ಬೇರೆ ಮಾಡಿ.

ಈಗ ತುಂಬಾ ಮುಖ್ಯವಾದ ಕೆಲಸ. ಪೆರಾಕ್ಸೈಡ್ ಉಳಿದಿದೆಯಾ ಎಂದು ಟೆಸ್ಟ್ ಸ್ಟ್ರಿಪ್‌ನಿಂದ ನೋಡಿ. ಉಳಿದಿದ್ದರೆ ಬ್ಯಾಕ್ಟೀರಿಯಾಗೆ ಅದು ವಿಷ. ಅಷ್ಟೇ ಅಲ್ಲ, ಸಿಒಡಿಯನ್ನೂ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದನ್ನು ನೋಡಿ ಸುಮ್ನೆ ಇನ್ನಷ್ಟು ಪೆರಾಕ್ಸೈಡ್ ಹಾಕುವವರಿದ್ದಾರೆ! ಗಾಳಿ ಹಾಯಿಸಿ ಕೆಲವು ಗಂಟೆ ಬಿಡಿ, ಇಲ್ಲವೇ ಸೋಡಿಯಂ ಬೈಸಲ್ಫೈಟ್ ಅಳತೆಯಿಂದ ಹಾಕಿ.

ಇನ್ನು ಏರೇಶನ್ ಟ್ಯಾಂಕ್. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಸುತ್ತ ಇರಲಿ. ಕಾರ್ಖಾನೆ ನೀರಿನಲ್ಲಿ ಸಾರಜನಕ, ರಂಜಕ ಕಡಿಮೆ ಇರುವುದೇ ಹೆಚ್ಚು, ಬಿಒಡಿ 100 ಇದ್ದರೆ ಸಾರಜನಕ 5, ರಂಜಕ 1 ಎನ್ನುವ ಲೆಕ್ಕದಲ್ಲಿ ಯೂರಿಯಾ, ಫಾಸ್ಫೇಟ್ ಸೇರಿಸಿ. ಮೊದಲ ದಿನವೇ ಪೂರ್ತಿ ನೀರು ಬಿಡಬೇಡಿ. ಸ್ವಲ್ಪ ಪಾಲಿನಿಂದ ಶುರುಮಾಡಿ ಕೆಲವು ವಾರಗಳಲ್ಲಿ ಏರಿಸುತ್ತಾ ಹೋಗಿ, ಅವಕ್ಕೂ ಹೊಸ ಊಟ ರೂಢಿಯಾಗಬೇಕು. ಇಷ್ಟಾದರೂ ಕೊನೆಯಲ್ಲಿ ಸಿಒಡಿ ಒಂದು ಕಡೆ ನಿಂತುಬಿಟ್ಟರೆ, ಆ ನೀರಿನ ಒಂದು ಪಾಲನ್ನು ಮತ್ತೆ ಫೆಂಟನ್ ಟ್ಯಾಂಕಿಗೆ ತಿರುಗಿಸಿ ನೋಡಿ.